ಹೂ ಬಿಡೋ ತನಕ ಹೆಸರಿಲ್ಲ

ನಮ್ಮ ಬಾಲ್ಕನಿಯಲ್ಲಿ ಒಂದು ಹಳೆಯ ಪ್ಲಾಸ್ಟಿಕ್ ಡಬ್ಬವಿದೆ. ಡಬ್ಬದೊಳಗೆ ಕುಂಡ, ಕುಂಡದಲ್ಲಿ ಕೆಸರು, ಕೆಸರಲ್ಲಿ ಐದು ಎಲೆ. ದಿನಾ ಬೆಳಿಗ್ಗೆ ಮುಚ್ಚಳ ತೆಗೆದು ನಾನು ಅದನ್ನು ನೋಡುತ್ತೇನೆ. ಅಮ್ಮ ನನ್ನನ್ನು ನೋಡುತ್ತಾಳೆ. "ಅದೇನು ಮೊಟ್ಟೆ ಇಡುತ್ತಾ?" ಎಂದು ಒಮ್ಮೆ ಕೇಳಿಯೇಬಿಟ್ಟಳು.

ಗಿಡ ಕ್ರಿಪ್ಟೋಕೊರೈನ್. ಅಕ್ವೇರಿಯಂ ಹುಚ್ಚಿನವರ ಬಾಯಲ್ಲಿ ಬರೀ ಕ್ರಿಪ್ಟ್. ಶ್ರೀಲಂಕಾ, ಬೋರ್ನಿಯೋ ಹೊಳೆಗಳ ಕ್ರಿಪ್ಟ್ ಅಂದರೆ ಜನ ಜೀವ ಬಿಡುತ್ತಾರೆ. ನಮ್ಮ ಪಶ್ಚಿಮಘಟ್ಟದಲ್ಲೂ ಕೆಲವು ಇವೆ. ಕೆಸು, ಸುವರ್ಣಗೆಡ್ಡೆ, ಕೆರೆ ತುಂಬುವ ಅಂತರಗಂಗೆ, ಎಲ್ಲ ಇದರ ನೆಂಟರೇ. ಇದನ್ನು ಅಮ್ಮನಿಗೆ ಹೇಳಿದ್ದೇ ತಪ್ಪಾಯಿತು. "ಹಾಗಾದ್ರೆ ಪತ್ರೊಡೆ ಮಾಡಬಹುದಾ?" ಅಂದಳು. ಐದು ಎಲೆಗೆ!

ಗೆಳೆಯನೊಬ್ಬ ತುಂಡು ಕೊಡುವಾಗ ಹೆಸರು ಹೇಳಿರಲಿಲ್ಲ. "ಘಟ್ಟದ್ದು, ಅಪರೂಪದ್ದು" ಅಂದಿದ್ದ, ಅಷ್ಟೆ. ತಂದು ಮೀನಿನ ತೊಟ್ಟಿಯಲ್ಲಿ ನೆಟ್ಟೆ. ವಾರದೊಳಗೆ ಎಲೆಯೆಲ್ಲ ಕೊಳೆತು ಲೋಳೆಯಾಯಿತು. ಜಾಗ ಬದಲಾದರೆ ಕ್ರಿಪ್ಟ್‌ಗೆ ಹೀಗೇ ಮುನಿಸು. ಬೇರು ಕೀಳದೆ ಸುಮ್ನೆ ಬಿಟ್ಟರೆ ಮತ್ತೆ ಚಿಗುರುತ್ತದೆ. ಚಿಗುರಿತು, ಆದರೆ ಎಲೆ ಬೇರೆಯೇ ಥರ. ನೀರಿನೊಳಗೆ ಒಂದು ವೇಷ, ಹೊರಗೆ ಇನ್ನೊಂದು, ಬೆಳಕು ಜಾಸ್ತಿಯಾದರೆ ಮತ್ತೊಂದು. ಎಲೆ ನೋಡಿ ಹೆಸರು ಹೇಳುವುದೆಂದರೆ ಕಂಬಳಿಕೊಪ್ಪೆ ನೋಡಿ ಆಳಿನ ಗುರುತು ಹಿಡಿದ ಹಾಗೆ.

ಎಳೆ ಎಲೆ ಮಾತ್ರ ಒಂದು ಸುಳಿವು ಕೊಡುತ್ತದೆ. ಇದರ ದಾಯಾದಿ ಲಗೆನಾಂಡ್ರಾದ ಚಿಗುರು ಎರಡೂ ಅಂಚಿನಿಂದ ಒಳಕ್ಕೆ ಸುರುಳಿ ಸುತ್ತಿಕೊಂಡಿರುತ್ತದೆ. ಕ್ರಿಪ್ಟ್‌ನದು ಚಾಪೆ ಸುತ್ತಿದಂತೆ, ಒಂದೇ ಕಡೆಯಿಂದ. ನನ್ನದು ಚಾಪೆ. ಕುಲವೇನೋ ಗೊತ್ತಾಯಿತು, ಹೆಸರಿಗೆ ಹೂವೇ ಬೇಕು.

ಹೂವೋ, ಮಹಾ ಗುಟ್ಟಿನದು. ಕ್ರಿಪ್ಟೋಕೊರೈನ್ ಅಂದರೆ ಗ್ರೀಕ್‌ನಲ್ಲಿ ಬಚ್ಚಿಟ್ಟ ಗದೆ. ಗದೆ ಸಮೇತ ಕೊಳದಲ್ಲಿ ಅಡಗಿದ ದುರ್ಯೋಧನನೇ ಅಲ್ವಾ ಇದು! ಹೂವಿನ ತಳದಲ್ಲಿ ಒಂದು ಪುಟ್ಟ ಕೋಣೆ. ಅದರೊಳಗೆ ಗದೆಯಂಥ ದಿಂಡು, ದಿಂಡಿನ ಕೆಳಗೆ ಹೆಣ್ಣು ಹೂ, ಮೇಲೆ ಗಂಡು ಹೂ. ವಾಸನೆಗೆ ಮರುಳಾಗಿ ಬಂದ ಹುಳಕ್ಕೆ ಅಲ್ಲಿ ಸ್ವಲ್ಪ ಹೊತ್ತು ಜೈಲು. ಇದನ್ನು ಹೊರಗೆ ಕರೆಯಲು ಭೀಮನ ಬೈಗುಳ ಬೇಕಿಲ್ಲ, ನೀರು ಇಳಿಸಿದರೆ ಸಾಕು. ನಮ್ಮ ಘಟ್ಟದ ಹೊಳೆಗಳಲ್ಲೂ ನೀರು ಇಳಿದ ಮೇಲೇ ಇದರ ಹೂ ಕಾಣುವುದು. ಅದಕ್ಕೇ ತೊಟ್ಟಿಯಿಂದ ಎತ್ತಿ ಈ ಡಬ್ಬಕ್ಕೆ ಹಾಕಿದ್ದು.

14 ತಿಂಗಳು ಕಾದೆ. ಒಂದು ಭಾನುವಾರ ಕೆಸರಿನಿಂದ ಕಡುನೇರಳೆ ನಾಲಿಗೆಯೊಂದು ಎದ್ದಿತ್ತು, ಮೈತುಂಬ ಅಡ್ಡ ಏಣು. ಘಟ್ಟದ ಕ್ರಿಪ್ಟ್‌ಗಳ ಚಿತ್ರದ ಪಕ್ಕ ಹಿಡಿದು ನೋಡಿದೆ. ಅನುಮಾನವೇ ಇಲ್ಲ, ಕ್ರಿಪ್ಟೋಕೊರೈನ್ ಸ್ಪೈರಾಲಿಸ್! ಅಮ್ಮನೂ ಬಗ್ಗಿ ನೋಡಿ, ಮೂಗು ಮುಚ್ಚಿಕೊಂಡು ಹೋದಳು.

ಖುಷಿಗೆ ಫೋಟೋ ಊರಿಗೆ ಕಳಿಸಿದೆ. ದೊಡ್ಡಪ್ಪ ಕೂಡಲೇ ಫೋನ್ ಮಾಡಿದರು.

"ಇದನ್ನಾ ಡಬ್ಬದಲ್ಲಿಟ್ಟು ಸಾಕಿದ್ದು? ಗದ್ದೆ ಕಳೆ ಕಣೋ! ಕಿತ್ತು ಬದುವಿಗೆ ಎಸೆದು ಎಸೆದು ನಮಗೆ ಸಾಕಾಗಿತ್ತು. ಬೇಕಾದ್ರೆ ಒಂದು ಬುಟ್ಟಿ ಕಳಿಸ್ಲಾ?"

ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ, "ಬೇರು ಸಮೇತ ಕೀಳಿ ದೊಡ್ಡಪ್ಪ, ಕೆಸರು ತೊಳೀಬೇಡಿ" ಅಂದೆ.