ಅಮ್ಮಾ, ಬಸವನಹುಳು ಒತ್ತು!

ಮೊನ್ನೆ ಆಗಸ್ಟ್ 3ರಂದು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟರ ದಿನ, ನಾನು ಕೊಡೆ ಹಿಡಿದು ನಮ್ಮ ಕಾಫಿ ಕಣದ ಮೂಲೆಯಲ್ಲಿ ನಿಂತು "ಅಮ್ಮಾ, ಬಸವನಹುಳು! ಬಸವನಹುಳು ಒತ್ತು!" ಎಂದು ಕಿರುಚುತ್ತಿದ್ದೆ. ತೋಟದ ಕೆಲಸದವರ ಲೈನ್ ಮನೆಯ ಅಕ್ಕ ಒಬ್ಬರು ಪಾಪ, ಉಪ್ಪಿನ ಡಬ್ಬಿ ಹಿಡಿದುಕೊಂಡು ಓಡಿ ಬಂದರು. ತಪ್ಪು ಅವರದ್ದಲ್ಲ. ತಪ್ಪೆಲ್ಲ ವಿಂಡೋಸ್‌ನ ಆ ನೀಲಿ-ಹಳದಿ ಗುರಾಣಿಯದ್ದು.

ಗೊತ್ತಲ್ವಾ ಆ ಗುರಾಣಿ? ಏನೋ ಒಂದು ಹಾಕಿಕೊಳ್ಳೋಣ ಅಂತ ಸೆಟಪ್ ಫೈಲ್ ಒತ್ತುತ್ತೀರಿ, ಪರದೆ ಇದ್ದಕ್ಕಿದ್ದ ಹಾಗೆ ಮಂಕಾಗುತ್ತದೆ, ನಡುವೆ ಒಂದು ಪೆಟ್ಟಿಗೆ ಬಂದು ಕೂರುತ್ತದೆ. ಈ ಆ್ಯಪ್ ಬದಲಾವಣೆ ಮಾಡಲಿಕ್ಕೆ ಬಿಡುತ್ತೀರಾ ಅಂತ ಕೇಳುತ್ತದೆ. ಬಿಡ್ತೀನಪ್ಪಾ, ಒತ್ತಿದ್ದು ನಾನೇ ಅಲ್ವಾ? ಆದರೆ ಅದು ಕೇಳುವುದು ನನ್ನನ್ನಲ್ಲ. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೊಡಿ ಅನ್ನುತ್ತದೆ. ಅಡ್ಮಿನಿಸ್ಟ್ರೇಟರ್ ಇರುವುದು ಬೆಂಗಳೂರಿನಲ್ಲಿ, ನಾನಿರುವುದು ಕೊಡಗಿನ ಮಾದಾಪುರದ ಹತ್ತಿರ. ಆಫೀಸು ಕೊಟ್ಟ ಲ್ಯಾಪ್‌ಟಾಪಿನಲ್ಲಿ ನಾನು ಬರೀ ಸ್ಟ್ಯಾಂಡರ್ಡ್ ಯೂಸರ್. ಬಾಡಿಗೆ ಮನೆಯಲ್ಲಿ ಇದ್ದ ಹಾಗೆ, ಮಲಗಬಹುದು, ಏಳಬಹುದು, ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ.

ನಮ್ಮ ಜಿಲ್ಲೆಯಲ್ಲಿ ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ, ಬ್ರಿಟಿಷರ ಕಾಲದಿಂದಲೂ ವಿನಾಯಿತಿ ಇದೆ. ನಮ್ಮ ಮನೆಯಲ್ಲೂ ಒಂದು ಕೋವಿ ಇದೆ, ಅದಕ್ಕೆ ವಿನಾಯಿತಿ ಪತ್ರವೂ ಇದೆ. ಸರ್ಕಾರಕ್ಕೆ ನನ್ನ ಕೈಗೆ ಕೋವಿ ಕೊಡುವಷ್ಟು ನಂಬಿಕೆ. ಆಫೀಸಿಗೆ ಪ್ರಿಂಟರ್ ಕೊಡುವಷ್ಟೂ ಇಲ್ಲ.

ಹೌದು, ಇಷ್ಟೆಲ್ಲ ಆಗಿದ್ದು ಪ್ರಿಂಟರ್‌ಗೆ. ಒಂದು ಫಾರಂ ಪ್ರಿಂಟ್ ತೆಗೆದು, ಸಹಿ ಹಾಕಿ, ಸ್ಕ್ಯಾನ್ ಮಾಡಿ ಸಂಜೆ ಐದರೊಳಗೆ ಕಳಿಸಬೇಕಿತ್ತು. ಹೊಸ ಪ್ರಿಂಟರ್‌ನ ಡ್ರೈವರ್, ಅಂದರೆ ಅದನ್ನು ನಡೆಸುವ ಸಾಫ್ಟ್‌ವೇರ್, ಹಾಕಲು ಹೋದೆ, ಗುರಾಣಿ ಬಂತು. ಹೆಲ್ಪ್‌ಡೆಸ್ಕ್‌ಗೆ ಟಿಕೆಟ್ ಹಾಕಿದೆ. ಅವರು ಮೊಬೈಲಿಗೆ ಮಾತ್ರ ಕರೆ ಮಾಡುತ್ತಾರೆ, ವಾಟ್ಸಾಪ್ ಕರೆ ನಿಯಮದಲ್ಲಿ ಇಲ್ಲವಂತೆ. ನಮ್ಮ ಮನೆಯೊಳಗೆ ಫೈಬರ್ ಇಂಟರ್ನೆಟ್ ಇದೆ, ಮೊಬೈಲ್ ಸಿಗ್ನಲ್ ಇಲ್ಲ. ಸಿಗ್ನಲ್ ಸಿಗುವುದು ಕಣದ ಆ ಮೂಲೆಯಲ್ಲಿ, ಹಲಸಿನ ಮರದ ಕಡೆ ಮುಖ ಮಾಡಿ ನಿಂತರೆ. ವೈಫೈ ಅಲ್ಲಿಯವರೆಗೆ ಬರುವುದಿಲ್ಲ, ಜೊತೆಗೆ ಆ ಮಳೆಯಲ್ಲಿ ಲ್ಯಾಪ್‌ಟಾಪನ್ನು ಹೊರಗೆ ತಂದರೆ ಅದಕ್ಕೂ ಬೇರೆ ಟಿಕೆಟ್ ಹಾಕಬೇಕಾಗುತ್ತದೆ.

ಕರೆ ಮಾಡಿದ ಹುಡುಗ ಹುಬ್ಬಳ್ಳಿ ಕಡೆಯವನು, ಬಹಳ ಒಳ್ಳೆಯವನು. ಅಲ್ಲಿಂದಲೇ ನನ್ನ ಪರದೆಯನ್ನು ತೆರೆದುಕೊಂಡ, ಫೈಲ್ ಒತ್ತಿದ, ಆಮೇಲೆ ಸುಮ್ಮನಾದ.

"ಸರ, ನನಗ ಸ್ಕ್ರೀನ್ ಪೂರಾ ಕರ್ರಗ ಕಾಣಾಕತ್ತೈತ್ರಿ. ನಿಮಗೇನ್ ಕಾಣಸ್ತೈತಿ?"

ನನಗೆ ಕಾಣುತ್ತಿದ್ದದ್ದು ಹಲಸಿನ ಮರ. ಪಾಚಿ ಕಟ್ಟಿದ ಕಣದ ಮೇಲೆ ಜಾರುತ್ತಾ ಒಳಗೆ ಓಡಿದೆ, ಪೆಟ್ಟಿಗೆ ನೋಡಿದೆ, ಮತ್ತೆ ಓಡಿ ಬಂದು ಹೇಳಿದೆ. ವಿಷಯ ಏನೆಂದರೆ, ಗುರಾಣಿ ಬಂದಾಗ ವಿಂಡೋಸ್ ಆ ಪೆಟ್ಟಿಗೆಯನ್ನು ಬೇರೆಯದೇ ಒಂದು ಪರದೆಯಲ್ಲಿ ತೋರಿಸುತ್ತದೆ. ಬೇರೆ ಪ್ರೋಗ್ರಾಂ ಯಾವುದೂ ಕದ್ದು ನೋಡಬಾರದು, ನಮ್ಮ ಬದಲು ತಾನೇ 'ಯೆಸ್' ಒತ್ತಬಾರದು ಅಂತ. ಪಾಪ, ಒಳ್ಳೆಯ ಉದ್ದೇಶವೇ. ಆದರೆ ಆ ಹುಡುಗ ಬಳಸುತ್ತಿದ್ದ ರಿಮೋಟ್ ಸಾಫ್ಟ್‌ವೇರ್ ಕೂಡ ಅದರ ಲೆಕ್ಕದಲ್ಲಿ ಕಳ್ಳನೇ. ಪಾಸ್‌ವರ್ಡ್ ಗೊತ್ತಿದ್ದವನಿಗೆ ಪೆಟ್ಟಿಗೆ ಕಾಣುವುದಿಲ್ಲ, ಪೆಟ್ಟಿಗೆ ಕಾಣುವವನಿಗೆ ಪಾಸ್‌ವರ್ಡ್ ಗೊತ್ತಿಲ್ಲ.

ಐದು ನಿಮಿಷ ಅವನೂ ನಾನೂ ನಿಯಮದ ಬಗ್ಗೆ ಮಾತಾಡಿದೆವು. ಆಮೇಲೆ ಅವನು ದನಿ ತಗ್ಗಿಸಿ, "ಸರ, ಫೋನ್ಯಾಗ ಹೇಳ್ತೇನ್ರಿ, ಯಾರಿಗೂ ಹೇಳಬ್ಯಾಡ್ರಿ" ಅಂದ.

ಒಳಗೆ ಕೀಬೋರ್ಡ್ ಮುಂದೆ ಯಾರಾದರೂ ಬೇಕಲ್ಲ? ಅಮ್ಮ ಅಡುಗೆಮನೆಯಲ್ಲಿ ಮದ್ದು ಸೊಪ್ಪು ಬೇಯಿಸಿ ನೀರು ಸೋಸುತ್ತಿದ್ದರು. ಕಕ್ಕಡ ಹದಿನೆಂಟಕ್ಕೆ ಆ ಸೊಪ್ಪಿನಲ್ಲಿ 18 ಬಗೆಯ ಮದ್ದು ಸೇರಿರುತ್ತದೆ ಅನ್ನುತ್ತಾರೆ, ಅದರ ರಸದಲ್ಲಿ ಮಾಡಿದ ಪಾಯಸ ಕಡು ನೇರಳೆ. ಮರುದಿನ ಬೆಳಿಗ್ಗೆ ಬಚ್ಚಲಿಗೆ ಹೋದಾಗ ಹೆದರಬಾರದು ಅಂತ ಹೊಸಬರಿಗೆ ಮೊದಲೇ ಹೇಳಿಡಬೇಕು. ಅಮ್ಮನನ್ನು ಎಳೆದು ತಂದು ಕೂರಿಸಿದೆ.

ಇಲ್ಲಿ ಒಂದು ಮಾತು ಹೇಳಬೇಕು. ಅಮ್ಮ 31 ವರ್ಷ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದವರು. ಯಾರು ಏನು ಹೇಳಿದರೂ ಅದನ್ನು ಒಮ್ಮೆ ಗಟ್ಟಿಯಾಗಿ ತಿರುಗಿ ಹೇಳದೆ ಅವರಿಗೆ ಸಮಾಧಾನ ಇಲ್ಲ. ಕೊನೆಯ ಬೆಂಚಿನವರಿಗೂ ಕೇಳಬೇಕಲ್ಲ.

ಹುಡುಗ ನನ್ನ ಕಿವಿಯಲ್ಲಿ ಪಿಸುಗುಟ್ಟಿದ. ನಾನು ಕಿಟಕಿ ಕಡೆ ಕೂಗಿದೆ, "ದೊಡ್ಡ ಎಂ!"

"ದೊಡ್ಡ ಎಂ!" ಒಳಗಿಂದ ಅಮ್ಮ.

"ದೊಡ್ಡ ಎಂ!" ಲೈನ್ ಮನೆಯಿಂದ ಮಕ್ಕಳು. ಅವತ್ತು ಶಾಲೆಗೆ ಮಳೆ ರಜೆ ಕೊಟ್ಟಿದ್ದರು, ಅವಕ್ಕೂ ಬೇರೆ ಕೆಲಸ ಇರಲಿಲ್ಲ. ಮಗ್ಗಿ ಹೇಳುವ ರಾಗದಲ್ಲೇ ಶುರು ಮಾಡಿದವು.

ಆಮೇಲೆ ಆ್ಯಟ್ ಚಿಹ್ನೆ ಬಂತು. ಅಮ್ಮನಿಗೆ ಆ್ಯಟ್ ಅಂದರೆ ಎ-ಟಿ. "ಅದಲ್ಲಮ್ಮಾ, ಎ ಸುತ್ತ ಬಾಲ ಸುತ್ತಿಕೊಂಡಿರುತ್ತಲ್ಲ, ಬಸವನಹುಳು ಥರ! ಎರಡರ ಮೇಲಿದೆ!" ಆಗಲೇ ಉಪ್ಪಿನ ಡಬ್ಬಿ ಬಂದಿದ್ದು. ಶಿಫ್ಟ್ ಹಿಡಿದುಕೊಂಡೇ ಎರಡು ಒತ್ತಬೇಕು ಅಂದರೆ ಅಮ್ಮ ಶಿಫ್ಟ್ ಒತ್ತಿ, ಬಿಟ್ಟು, ಆಮೇಲೆ ಎರಡು ಒತ್ತುತ್ತಾರೆ. ಸರಿ ಬಂತಾ ಅಂದರೆ, "ನಾನು ಏನು ಬರೆದರೂ ಇದು ಚುಕ್ಕಿ ಇಡ್ತಾ ಇದೆ, ಕಾಪಿ ಪುಸ್ತಕ ಇದ್ದ ಹಾಗೆ." ಮೂರು ಸಲ ತಪ್ಪಾಯಿತು. ನಾಲ್ಕನೇ ಸಲ ನಾನು ಹೇಳುವ ಮೊದಲೇ ಮಕ್ಕಳು ಕೊನೆಯ ಅಂಕಿಯವರೆಗೂ ಸರಿಯಾಗಿ ಹೇಳಿಬಿಟ್ಟವು. ಪೆಟ್ಟಿಗೆ ಹೋಯಿತು.

ಫೋನಿನಲ್ಲಿ ಹುಡುಗ, "ಸರ, ಅದ್ಯಾರ್ರಿ ಹಿಂದ?" ಅಂದ. ಮಳೆ ಅಂದೆ.

ನಮ್ಮ ಆಫೀಸಿನ ಸರ್ವರ್‌ನಲ್ಲಿ ವಿಂಡೋಸ್ ಬದಲು ಲಿನಕ್ಸ್ ಇದೆ, ಅದು ಇನ್ನೂ ಬಿಗಿ. ಅಲ್ಲಿ ದೊಡ್ಡಣ್ಣನ ಹೆಸರು ರೂಟ್. ಅವನ ಅಧಿಕಾರ ಸ್ವಲ್ಪ ಹೊತ್ತಿಗೆ ಕಡ ಬೇಕಾದರೆ ಸುಡೋ ಅಂತ ಹೊಡೆಯಬೇಕು, ಅದು 1980ರ ಸುಮಾರಿಗೆ ಅಮೆರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಒಮ್ಮೆ ಅನುಮತಿ ಇದ್ದವರ ಪಟ್ಟಿಯಲ್ಲಿ ಹೆಸರಿಲ್ಲದೆ ಹೊಡೆದೆ. "ಈ ಘಟನೆಯನ್ನು ವರದಿ ಮಾಡಲಾಗುವುದು" ಅಂದಿತು. ಯಾರಿಗೆ? ಡಿಸಿಗಾ? ಎರಡು ದಿನ ಊಟ ಸೇರಲಿಲ್ಲ, ಯಾರೂ ಕೇಳಲೂ ಇಲ್ಲ.

ಅಂದಹಾಗೆ ಪ್ರಿಂಟ್ ಆದ ಆ ಫಾರಂ ಮಾಹಿತಿ ಸುರಕ್ಷತೆಯದ್ದು. ಪಾಸ್‌ವರ್ಡನ್ನು ಯಾರಿಗೂ ಹೇಳುವುದಿಲ್ಲ ಅಂತ ನಾಲ್ಕನೇ ಸಾಲಿನಲ್ಲಿ ಇತ್ತು. ಧೈರ್ಯವಾಗಿ ಸಹಿ ಹಾಕಿದೆ. ನಾನು ಹೇಳಿಲ್ಲ, ಕಿರುಚಿದ್ದು.

ರಾತ್ರಿ ಪಾಯಸ ತಿನ್ನುವಾಗ ಅಮ್ಮ, "ಅಪ್ಪನ ಕಂಪ್ಯೂಟರಿಗೆ ಇಷ್ಟೆಲ್ಲ ಇರಲಿಲ್ಲ ಅಲ್ವಾ" ಅಂದರು. ಇರಲಿಲ್ಲ. ಕಾಫಿ ಲೆಕ್ಕಕ್ಕೆ ಅಂತ ಅಪ್ಪ ತಂದಿದ್ದ ಹಳೆಯ ವಿಂಡೋಸ್ ಎಕ್ಸ್‌ಪಿ ಅದು. ಆಗೆಲ್ಲ ಮನೆಯ ಕಂಪ್ಯೂಟರಿನಲ್ಲಿ ಕೂತವರೆಲ್ಲ ಅಡ್ಮಿನಿಸ್ಟ್ರೇಟರೇ, ಅದಕ್ಕೇ ಬಂದ ವೈರಸ್ಸಿಗೂ ಅಷ್ಟೇ ಅಧಿಕಾರ. ನಾನು ಒಂದು ಪುಕ್ಕಟೆ ಆಟ ಹಾಕಿ, ಇಡೀ ಪೆಟ್ಟಿಗೆಯನ್ನು ಜೀಪಿನಲ್ಲಿ ಕುಶಾಲನಗರಕ್ಕೆ ಒಯ್ದು ಫಾರ್ಮ್ಯಾಟ್ ಮಾಡಿಸುವ ಹಾಗಾಗಿತ್ತು. 2007ರಲ್ಲಿ ವಿಂಡೋಸ್ ವಿಸ್ತಾ ಬಂದ ಮೇಲೆ ಈ ಕೇಳುವ ಚಾಳಿ ಶುರುವಾಗಿದ್ದು, ಅದೂ ಎಷ್ಟು ಕೇಳುತ್ತಿತ್ತು ಅಂದರೆ ಜನ ಓದದೆ ಒಪ್ಪಿಗೆಯ ಗುಂಡಿ ಒತ್ತುವುದನ್ನು ಕಲಿತರು. ಎಕ್ಸ್‌ಪಿಗೆ ಪಾಸ್‌ವರ್ಡ್ ಇಡೋಣ ಅಂದಾಗ ಅಪ್ಪ, "ಮನೆಯವರಿಗೆ ಎಂಥ ಬೀಗ?" ಅಂದಿದ್ದರು. ಅದರ ಪರದೆಯಲ್ಲಿ ಒಂದೇ ಹೆಸರಿತ್ತು, ಅವರದ್ದು. ಈಗ ಅಪ್ಪ ಇಲ್ಲ, ಪೆಟ್ಟಿಗೆ ಅಟ್ಟದ ಮೇಲಿದೆ. ಯಾರೂ ಅದನ್ನು ಗುಜರಿಗೆ ಹಾಕು ಅನ್ನುವುದಿಲ್ಲ.

ಬೆಳಿಗ್ಗೆ ಕೆಲಸಕ್ಕೆ ಕೂತಾಗ ನೋಡಿದೆ. ಕೀಬೋರ್ಡಿನಲ್ಲಿ ಎಂ ನೇರಳೆ, ಶಿಫ್ಟ್ ನೇರಳೆ, ಎರಡು ಎಲ್ಲಕ್ಕಿಂತ ಜಾಸ್ತಿ ನೇರಳೆ, ಇನ್ನೂ ಆರು ಕೀಗಳ ಮೇಲೆ ಅಮ್ಮನ ಬೆರಳಿನ ಗುರುತು ಅಚ್ಚೊತ್ತಿದ ಹಾಗೆ ಕೂತಿದೆ. ಒದ್ದೆ ಬಟ್ಟೆಯಲ್ಲಿ ಉಜ್ಜಿದೆ, ಹೋಗಲಿಲ್ಲ. ನಿಂಬೆಹುಳಿ ಹಚ್ಚಿದರೆ ಹೋಗುತ್ತದೆ ಅಂತ ಅಮ್ಮ ಹೇಳುತ್ತಿದ್ದಾರೆ. ಅದಕ್ಕೆ ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕಾ ಅಂತ ಹುಡುಗನನ್ನು ಕೇಳೋಣ ಅಂದರೆ, ಮತ್ತೆ ಕಣಕ್ಕೆ ಹೋಗಬೇಕು.