ಉಪದೇಶಿ ಕೇಳಿದ್ದು ಕಟ್ಟಡವನ್ನಲ್ಲ

ಈ ವರ್ಷದ ಮಿಷನ್ ಕಾಣಿಕೆಯನ್ನು ಆಫ್ರಿಕಾಕ್ಕೆ ಕಳಿಸಬೇಕು ಅಂತ ನಮ್ಮ ಕ್ರೈಸ್ತ ಸಭೆಯಲ್ಲಿ ಮಾತು ಬಂದಿದೆ. ಘಾನಾದ ಯಾವುದಾದರೂ ಹಳ್ಳಿಯಲ್ಲಿ ಒಂದು ದೇವಾಲಯ, ಅಂದರೆ ಚರ್ಚು, ಕಟ್ಟಿಸೋಣ, ಬಾಗಿಲ ಪಕ್ಕ ನಮ್ಮ ಸಭೆಯ ಹೆಸರಿನ ಕಲ್ಲು ಹಾಕಿಸೋಣ ಅನ್ನುವುದು ಹಲವರ ಆಸೆ. ಕೊಡುವ ಮನಸ್ಸು ದೊಡ್ಡದು, ಅದಕ್ಕೆ ನಾನು ತಲೆಬಾಗುತ್ತೇನೆ. ಆದರೆ ಕಲ್ಲು ಬೇಡ. ಯಾಕೆ ಅಂತ ಇಲ್ಲಿ ಬರೆಯುತ್ತೇನೆ, ಕಮಿಟಿಯವರೂ ಓದಲಿ.

ಕೆಲಸದ ಮೇಲೆ ನಾನು ಆರು ವರ್ಷ ಘಾನಾದ ರಾಜಧಾನಿ ಅಕ್ರಾದಲ್ಲಿದ್ದೆ. ರಜೆ ಸಿಕ್ಕಾಗೆಲ್ಲ ಅಕ್ವಾಪಿಮ್ ಬೆಟ್ಟದ ಕಡೆ ಹೋಗುತ್ತಿದ್ದೆ. ಅಲ್ಲಿ ತಂಪು ಜಾಸ್ತಿ, ಊರಿನ ನೆನಪಾಗುತ್ತದೆ. ಮೊದಲ ಸಲ ಅಕ್ರೊಪಾಂಗ್‌ನ ದೇವಾಲಯದಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅಲ್ಲಿನ ಟ್ವೀ ಭಾಷೆ ಒಂದಕ್ಷರ ಬರುತ್ತಿರಲಿಲ್ಲ. ಹಾಡು ಶುರುವಾಯಿತು ನೋಡಿ, ರಾಗ ನನಗೆ ಗೊತ್ತಿತ್ತು. ನಮ್ಮಜ್ಜಿ ಸಂಜೆ ಪ್ರಾರ್ಥನೆಯಲ್ಲಿ ಹಾಡುತ್ತಿದ್ದ ಅದೇ ಜರ್ಮನ್ ರಾಗ. ನಾನು ಕನ್ನಡದಲ್ಲೇ ಹಾಡಿದೆ. ಪಕ್ಕದಲ್ಲಿದ್ದ ಹೆಂಗಸು ತಿರುಗಿ ನೋಡಿ ನನ್ನ ಕೈ ಹಿಡಿದುಕೊಂಡರು.

ಇದು ಸುಮ್ನೆ ಆದದ್ದಲ್ಲ. ಮಂಗಳೂರಿಗೆ 1834ರಲ್ಲಿ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್, ಅದಕ್ಕಿಂತ ಮೊದಲೇ, 1828ರಲ್ಲಿ, ಈಗಿನ ಘಾನಾಕ್ಕೆ ಹೋಗಿತ್ತು. ನಮಗೆ ಇಲ್ಲಿಗೆ ಬಂದ ಮಿಷನರಿಗಳಾದ ಮೋಗ್ಲಿಂಗ್ ಗೊತ್ತು, ಕಿಟ್ಟೆಲ್ ಗೊತ್ತು, ಮಿಷನ್ನಿನ ಹಂಚಿನ ಕಾರ್ಖಾನೆ ಗೊತ್ತು. ಒಂದೇ ಬೇರಿನ ಇನ್ನೊಂದು ಕೊಂಬೆಯ ಕತೆ ಮಾತ್ರ ನಮ್ಮಲ್ಲಿ ಯಾರೂ ಹೇಳುವುದಿಲ್ಲ.

ಮೊದಲು ಹೋದ ನಾಲ್ವರೂ ಮೂರೇ ವರ್ಷದೊಳಗೆ ಸತ್ತರು. ಜ್ವರ. ಆಮೇಲೆ ಹೋದವರಲ್ಲೂ ಉಳಿದದ್ದು ಆಂಡ್ರಿಯಾಸ್ ರೀಸ್ ಒಬ್ಬರೇ. ಅವರನ್ನು ಬದುಕಿಸಿದ್ದು ಅಲ್ಲಿನ ನಾಟಿ ವೈದ್ಯ ಅಂತ ಆ ಊರವರು ಹೇಳುತ್ತಾರೆ. ರೀಸ್ 1835ರಲ್ಲಿ ಬೆಟ್ಟ ಹತ್ತಿ ಅಕ್ರೊಪಾಂಗ್ ಸೇರಿದರು. ವರ್ಷಗಟ್ಟಲೆ ದುಡಿದರೂ ಒಬ್ಬರೂ ದೀಕ್ಷಾಸ್ನಾನ ಪಡೆಯಲಿಲ್ಲ. ಸೋತು ಹೊರಟಾಗ ಅಲ್ಲಿನ ಅರಸ ಅದ್ದೊ ಡಂಕ್ವಾ ಹೇಳಿದ ಮಾತನ್ನು ಇವತ್ತಿಗೂ ಅಲ್ಲಿ ನೆನೆಯುತ್ತಾರೆ. ಪುಸ್ತಕ, ಅಂದರೆ ಬೈಬಲ್, ಬಿಳಿಯರಿಗೆ ಕೊಟ್ಟದ್ದು ಅಂತ ನಾವು ತಿಳಿದಿದ್ದೇವೆ, ನಮ್ಮಂಥ ಕಪ್ಪು ಜನ ಅದನ್ನು ಓದುವುದನ್ನು ತೋರಿಸಿ, ಆಗ ನಿಮ್ಮ ಹಿಂದೆ ಬರುತ್ತೇವೆ ಅನ್ನುವ ಅರ್ಥದ ಮಾತು.

ನನ್ನ ಪ್ರಕಾರ ಮಿಷನ್ ಕೆಲಸದ ಬಗ್ಗೆ ಯಾರೂ ಇದಕ್ಕಿಂತ ಒಳ್ಳೆಯ ಬುದ್ಧಿ ಹೇಳಿಲ್ಲ. ಪುಣ್ಯಕ್ಕೆ ಬಾಸೆಲ್‌ನವರು ಅದನ್ನು ಕೇಳಿಸಿಕೊಂಡರು. 1843ರಲ್ಲಿ ಜಮೈಕಾ ಮತ್ತು ಆಂಟಿಗಾದಿಂದ 24 ಕಪ್ಪು ಕ್ರೈಸ್ತರನ್ನು ಕರೆತಂದರು. ಮಂಗಳೂರಿನಲ್ಲಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಶುರು ಮಾಡಿದ್ದೂ ಅದೇ ವರ್ಷ. ಬಂದವರು ಮನೆ ಕಟ್ಟಿದರು, ಮಾವಿನ ಗಿಡ ನೆಟ್ಟರು, ಮಕ್ಕಳನ್ನು ಬೆಳೆಸಿದರು. ಸಭೆ ಅಲ್ಲಿ ಬೇರೂರಿದ್ದು ಆಮೇಲೆ. ಕಿಟ್ಟೆಲ್‌ರ ಕನ್ನಡ ನಿಘಂಟು ಬಂದದ್ದು 1894ರಲ್ಲಿ ಅಲ್ವಾ? ಅದಕ್ಕೆ 13 ವರ್ಷ ಮೊದಲೇ ಅಲ್ಲಿನ ಬಾಸೆಲ್ ಮಿಷನರಿ ಕ್ರಿಸ್ಟಾಲರ್ ಟ್ವೀ ನಿಘಂಟು ಮಾಡಿದ್ದರು. ಟ್ವೀ ಸತ್ಯವೇದ, ಅಂದರೆ ಬೈಬಲ್, 1871ರಲ್ಲೇ ಬಂದಿತ್ತು. ಆ ಕೆಲಸದಲ್ಲಿ ಡೇವಿಡ್ ಅಸಾಂಟೆಯಂಥ ಆ ನೆಲದ ಮಕ್ಕಳು ಜೊತೆಗಿದ್ದರು.

1917ರಲ್ಲಿ, ಮಹಾಯುದ್ಧದ ನಡುವೆ, ಬ್ರಿಟಿಷರು ಬಾಸೆಲ್ ಮಿಷನರಿಗಳನ್ನು ಅಲ್ಲಿಂದ ಹೊರಗೆ ಹಾಕಿದರು. ಆದರೂ ಸಭೆಗಳು ಮುಚ್ಚಲಿಲ್ಲ. ಸ್ಕಾಟ್ಲೆಂಡಿನವರು ಬಂದು ಕೈಜೋಡಿಸಿದರು ನಿಜ. ಆದರೆ ಹಳ್ಳಿಗಳಲ್ಲಿ ದೀಪ ಆರದಂತೆ ನೋಡಿಕೊಂಡದ್ದು ಅಲ್ಲಿನ ಪಾದ್ರಿಗಳು, ಪಾದ್ರಿ ದೀಕ್ಷೆಯಿಲ್ಲದೆ ಸಭೆ ನಡೆಸುವ ಉಪದೇಶಿಗಳು, ಶಾಲಾ ಮೇಷ್ಟ್ರುಗಳು. 1918ರಲ್ಲಿ ಅವರದೇ ಸಿನೊಡ್, ಅಂದರೆ ಎಲ್ಲ ಸಭೆಗಳ ಆಡಳಿತ ಕೂಟ, ಕೂಡ ಸೇರಿತು.

ಈಗಲೂ ಹಾಗೆಯೇ. ನಾನು ಹೋಗುತ್ತಿದ್ದ ಹಳ್ಳಿಗಳ ಕಡೆ ಒಬ್ಬ ಒಸೊಫೊ, ಅಂದರೆ ದೀಕ್ಷೆ ಪಡೆದ ಸಭಾಪಾಲಕರು, ಐದಾರು ಹಳ್ಳಿ ನೋಡಿಕೊಳ್ಳಬೇಕು. ಅವರು ಬಂದ ಭಾನುವಾರ ಕರ್ತನ ಭೋಜನ. ಉಳಿದ ಭಾನುವಾರಗಳೆಲ್ಲ ಉಪದೇಶಿಯ ಹೆಗಲ ಮೇಲೆ. ನನಗೆ ಚೆನ್ನಾಗಿ ಗೊತ್ತಿದ್ದ ಉಪದೇಶಿಗೆ ಎರಡು ಎಕರೆ ಕೋಕೋ ತೋಟ. ವಾರವಿಡೀ ಕತ್ತಿ ಹಿಡಿದು ತೋಟದಲ್ಲಿ. ಶನಿವಾರ ರಾತ್ರಿ ಟಾರ್ಚ್ ಬೆಳಕಿನಲ್ಲಿ ಪ್ರಸಂಗಕ್ಕೆ ತಯಾರಿ. ಹತ್ತಿರ ಇದ್ದದ್ದು ಒಂದು ಟ್ವೀ ಸತ್ಯವೇದ, ಒಂದು ಹಾಡಿನ ಪುಸ್ತಕ, ಅಂಚು ಹರಿದ ಒಂದು ನೋಟ್‌ಬುಕ್. ಮದುವೆ ಜಗಳ ಬಿಡಿಸುವುದು, ಸಾವಿನ ಮನೆಯಲ್ಲಿ ರಾತ್ರಿಯೆಲ್ಲ ಕೂರುವುದು, ಜ್ವರ ಬಂದ ಮಗುವನ್ನು ಬೈಕಿನಲ್ಲಿ ಆಸ್ಪತ್ರೆಗೆ ಮುಟ್ಟಿಸುವುದು, ಎಲ್ಲಾ ಅವರೇ.

ಆ ಹಳ್ಳಿಯಲ್ಲಿ ಕಿಟಕಿ ಮಟ್ಟಕ್ಕೆ ನಿಂತುಹೋದ ಗೋಡೆ ಇದೆ. ಹೊರದೇಶದ ಒಂದು ಗುಂಪು ಬಂದು ಶುರು ಮಾಡಿದ್ದಂತೆ. ಫೋಟೊ ತೆಗೆದುಕೊಂಡು ಹೋದವರು ತಿರುಗಿ ಬರಲಿಲ್ಲ. ನನಗೆ ಹೊಟ್ಟೆ ಉರಿದದ್ದು ಗೋಡೆಗಲ್ಲ. ಅದಕ್ಕೂ ಮೊದಲು ಆ ಜನ ತಮ್ಮ ಬೆಳೆ ಹಬ್ಬದ ಏಲಂನಲ್ಲಿ, ನಮ್ಮಲ್ಲಿ ತೆಂಗಿನಕಾಯಿ, ಬಾಳೆಗೊನೆ ಕೂಗಿದ ಹಾಗೆ, ಗೆಣಸು, ಕೋಳಿ ಕೂಗಿ ಹಳೆಯ ದೇವಾಲಯದ ಶೀಟಿಗೆ ದುಡ್ಡು ಕೂಡಿಸುತ್ತಿದ್ದರು. ಗುಂಪು ಬಂದ ಮೇಲೆ ‘ಅವರೇ ಕಟ್ಟುತ್ತಾರಲ್ಲ’ ಅಂತ ಆ ಕೂಡಿಕೆ ನಿಂತಿತು. ಅದು ಮತ್ತೆ ಶುರುವಾಗಲು ನಾಲ್ಕು ವರ್ಷ ಬೇಕಾಯಿತು.

ಕೀನ್ಯಾದ ಪ್ರೆಸ್ಬಿಟೇರಿಯನ್ ಕ್ರೈಸ್ತ ಸಭೆಯ ನಾಯಕ ಜಾನ್ ಗಾಟು 1971ರಲ್ಲೇ, ಸ್ವಲ್ಪ ಕಾಲ ಮಿಷನರಿಗಳನ್ನೂ ಹಣವನ್ನೂ ಕಳಿಸುವುದು ನಿಲ್ಲಿಸಿ, ನಾವು ನಮ್ಮ ಕಾಲ ಮೇಲೆ ನಿಲ್ಲಬೇಕು ಅಂದಿದ್ದರು. ಆಗ ಬಹಳ ಜನಕ್ಕೆ ನೋವಾಯಿತು. ನಾನು ಅಷ್ಟು ದೂರ ಹೋಗುವುದಿಲ್ಲ. ಹೊರಗಿನ ಹಣದಿಂದ ಶಾಲೆ, ಆಸ್ಪತ್ರೆ ಆದದ್ದನ್ನು ನಮ್ಮ ಕರಾವಳಿಯಲ್ಲೇ ನೋಡಿದವರು ನಾವು. ಆದರೆ ಆ ಗೋಡೆ ನೋಡಿದ ಮೇಲೆ ಗಾಟು ಮಾತು ನನಗೆ ಅರ್ಥವಾಯಿತು.

ನಿಮಗೆ ಏನು ಬೇಕು ಅಂತ ನಾನು ಆ ಉಪದೇಶಿಯನ್ನು ಒಮ್ಮೆ ಕೇಳಿದ್ದೆ. ತುಂಬಾ ಹೊತ್ತು ಸುಮ್ಮನಿದ್ದು ಮೂರು ಹೇಳಿದರು. ಎರಡು ವಾರದ ತರಬೇತಿಗೆ ಹೋಗಬೇಕು, ಅಷ್ಟು ದಿನ ತೋಟ ನೋಡಿಕೊಳ್ಳುವ ಆಳಿಗೆ ಕೂಲಿ ಬೇಕು. ಸತ್ಯವೇದವನ್ನು ಬಿಡಿಸಿ ಹೇಳುವ ಪುಸ್ತಕ ಬೇಕು, ಇಂಗ್ಲಿಷಿನದ್ದಲ್ಲ, ಟ್ವೀಯದು. ಮತ್ತೆ ಬೈಕಿನ ಹಿಂದಿನ ಟೈರು.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ದುಡ್ಡು ಕಳಿಸುವ ಮೊದಲು ಅಲ್ಲಿನ ಸಭೆಗೆ ಒಂದು ಕಾಗದ ಬರೆದು ಕೇಳೋಣ. ಅವರು ಉಪದೇಶಿಗಳ ತರಬೇತಿ ಅಂದರೆ ಅದಕ್ಕೇ ಕೊಡೋಣ, ಐದು ವರ್ಷ ತಪ್ಪದೆ ಕೊಡೋಣ. ಕಟ್ಟಡವೇ ಬೇಕು ಅಂದರೆ ಗೋಡೆ ಅವರು ಎಬ್ಬಿಸಲಿ, ಮಾಡಿನ ಖರ್ಚಿಗೆ ನಾವು ಸೇರಿಸೋಣ. ಹೆಸರು ಅವರದ್ದೇ ಇರಲಿ. ಮಂಗಳವಾರ ಸಂಜೆ ಕಮಿಟಿ ಕೂಡುತ್ತದೆ. ಆ ಗೋಡೆಯ ಫೋಟೊ ನನ್ನ ಹತ್ತಿರ ಇದೆ, ತರುತ್ತೇನೆ.