‘ಹುಷಾರಾಗಿರಬೇಕಿತ್ತು’ ಅನ್ನುವವರೇ, ಇವತ್ತೊಂದು ದಿನ ಸುಮ್ಮನಿರಿ

ಪ್ಯಾರಿಸ್ ಮೆಟ್ರೊದಲ್ಲಿ ಇವತ್ತು ಅಮ್ಮನ ಚೀಲದಿಂದ ಪಾಸ್‌ಪೋರ್ಟ್, ದುಡ್ಡು ಕದ್ದರು. ಸಂಜೆಯಿಂದ ಫೋನಿನಲ್ಲಿ ಬರುತ್ತಿರುವುದು ಒಂದೇ ಮಾತು. ಹುಷಾರಾಗಿರಬೇಕಿತ್ತು. ದೊಡ್ಡಪ್ಪ ಅದನ್ನೇ ಅಂದರು. ಆಫೀಸಿನವರು ಅದನ್ನೇ ಅಂದರು. ಹೋಟೆಲಿನ ರಿಸೆಪ್ಷನ್‌ನಲ್ಲಿ ಕೂತವನೂ ಅದನ್ನೇ ಅಂದ. ಹುಷಾರಾಗಿಯೇ ಇದ್ದೆವು ರೀ. ಚೀಲದ ಜಿಪ್ ಹಾಕಿತ್ತು. ಚೀಲ ಬೆನ್ನಿಗಲ್ಲ, ಎದೆಗೆ ಇತ್ತು. ಅಮ್ಮನ ಒಂದು ಕೈ ಅದರ ಮೇಲೇ ಇತ್ತು, ಕಳ್ಳರು ತಳ್ಳುವ ತನಕ. ತಳ್ಳಿದಾಗ ಕಂಬ ಹಿಡಿದುಕೊಂಡರು. ಎಪ್ಪತ್ತು ದಾಟಿದ ಹೆಂಗಸು ಬೀಳುವುದನ್ನು ತಪ್ಪಿಸಿಕೊಳ್ಳಲು ಕಂಬ ಹಿಡಿಯಬಾರದಿತ್ತಾ?

ಪಾಸ್‌ಪೋರ್ಟ್ ಹೋಟೆಲ್‌ನಲ್ಲೇ ಇಡಬೇಕಿತ್ತು ಅಂತ ಅತ್ತಿಗೆ ಬರೆದಿದ್ದಾರೆ. ಫ್ರಾನ್ಸ್‌ನಲ್ಲಿ ಪೊಲೀಸರು ಕೇಳಿದರೆ ವಿದೇಶಿಯರು ದಾಖಲೆ ತೋರಿಸಬೇಕು ಅಂತ ಕಾನೂನೇ ಇದೆ. ಜೊತೆಗಿಟ್ಟುಕೊಂಡರೆ ಕದಿಯುತ್ತಾರೆ, ಬಿಟ್ಟು ಬಂದರೆ ಕೇಳುತ್ತಾರೆ. ಯಾವುದನ್ನು ಮಾಡಲಿ, ನೀವೇ ಹೇಳಿ.

ಆಗಿದ್ದು ಪ್ಯಾರಿಸ್ ಮೆಟ್ರೊದ 6ನೇ ಲೈನಿನಲ್ಲಿ, ಬೀರ್ ಹಕೇಮ್ ಸ್ಟೇಷನ್‌ನಲ್ಲಿ. ಐಫೆಲ್ ಟವರ್ ನೋಡಿದವರೆಲ್ಲ ಬಂದು ಹತ್ತುವುದು ಅಲ್ಲೇ. ಆ ಲೈನು ಅಲ್ಲಿ ನೆಲದ ಮೇಲೆ, ಎತ್ತರದಲ್ಲಿ ಹೋಗುತ್ತದೆ. ಮುಂದಿನ ಸ್ಟೇಷನ್ ಪಾಸಿ. ನಡುವೆ ಸೆನ್ ನದಿಯ ಸೇತುವೆ. ಸೇತುವೆ ಮೇಲಿಂದ ಟವರ್ ಪೂರ್ತಿ ಕಾಣುತ್ತದೆ ಅಂತ ಎಲ್ಲರೂ ಬಲಗಡೆ ಕಿಟಕಿಗೆ ಮುಗಿಬೀಳುತ್ತಾರೆ. ಇದು ನನಗೆ ಗೊತ್ತಿತ್ತು. ಕಳ್ಳರಿಗೂ ಗೊತ್ತು. ಪೊಲೀಸರಿಗೆ ಗೊತ್ತಿಲ್ಲವಾ? ಪ್ಲಾಟ್‌ಫಾರ್ಮ್‌ನಲ್ಲಿ ಪಿಕ್‌ಪಾಕೆಟ್ ಇದ್ದಾರೆ ಎಚ್ಚರ ಅಂತ ಒಂದರ ಮೇಲೊಂದು ಭಾಷೆಯಲ್ಲಿ ಅನೌನ್ಸ್ ಮಾಡುತ್ತಲೇ ಇರುತ್ತಾರೆ. ಅಂದರೆ ಅವರು ಇಲ್ಲೇ ಇದ್ದಾರೆ ಅಂತ ನಿಮಗೆ ಗೊತ್ತಿದೆ. ಯಾವ ಸ್ಟೇಷನ್, ಯಾವ ಹೊತ್ತು, ಯಾವ ಬಾಗಿಲು, ಎಲ್ಲ ಗೊತ್ತಿದೆ. ಗೊತ್ತಿದ್ದೂ ಮೈಕಿನಲ್ಲಿ ನನಗೆ ಎಚ್ಚರ ಹೇಳುತ್ತೀರಿ. ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತಾ?

ಹೇಗೆ ಮಾಡಿದರು ಅಂತ ಈಗ ಕೂತು ಯೋಚಿಸಿದರೆ ಪೂರ್ತಿ ಅರ್ಥವಾಗುತ್ತದೆ. ಒಬ್ಬಳು ನಮಗಿಂತ ಮುಂದೆ ಹತ್ತಿದಳು. ಹತ್ತಿದವಳು ಒಳಗೆ ಹೋಗದೆ ಬಾಗಿಲಲ್ಲೇ ಗಕ್ಕನೆ ನಿಂತಳು. ಹಿಂದಿನಿಂದ ಇಬ್ಬರು ತಳ್ಳಿದರು. ನಡುವೆ ಅಮ್ಮ. ಕೈಮೇಲೆ ಒಂದು ಜಾಕೆಟ್ ಇಳಿಬಿಟ್ಟುಕೊಂಡಿದ್ದಳು ಪಕ್ಕದವಳು, ಅದರ ಅಡಿಯಲ್ಲಿ ಕೈ ಏನು ಮಾಡುತ್ತಿದೆ ಅಂತ ಯಾರಿಗೆ ಕಾಣುತ್ತದೆ? ಬಾಗಿಲು ಮುಚ್ಚುವ ಶಬ್ದ ಶುರುವಾಯಿತು. ಮೂವರೂ ಒಟ್ಟಿಗೆ ಇಳಿದುಬಿಟ್ಟರು. ಈಗಷ್ಟೇ ಹತ್ತಿದವರು ಯಾಕೆ ಇಳಿದರು ಅಂತ ನಾನು ಅಂದುಕೊಳ್ಳುವಷ್ಟರಲ್ಲಿ ಅಮ್ಮ “ಜಿಪ್ಪು” ಅಂದರು. ಅಷ್ಟೇ ಅಂದಿದ್ದು. ಬಾಗಿಲು ಮುಚ್ಚಿತು.

ಇದಾದ ಮೇಲಿನ ಒಂದು ನಿಮಿಷ ಇದೆಯಲ್ಲ, ಅದು ತಲೆಯಿಂದ ಹೋಗುತ್ತಿಲ್ಲ. ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ಉರಿಯುತ್ತಿರುವುದು ಅದೇ. ನಾನು ಬಾಗಿಲಿನ ಗಾಜಿಗೆ ಬಡಿದೆ. ಆಚೆ ಪ್ಲಾಟ್‌ಫಾರ್ಮಿನಲ್ಲಿ ಆ ಮೂವರಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಓಡಲಿಲ್ಲ. ಓಡುವ ಅಗತ್ಯವೇ ಇರಲಿಲ್ಲ ಅವಳಿಗೆ. ನನ್ನನ್ನು ನೋಡಿ ಎರಡೂ ಅಂಗೈ ಬಿಚ್ಚಿ ತೋರಿಸಿದಳು, ಏನೂ ಇಲ್ಲ ನನ್ನ ಹತ್ತಿರ ಅನ್ನುವ ಹಾಗೆ. ನಕ್ಕಳು. ಹದಿನಾರು ಹದಿನೇಳು ಇರಬಹುದು. ರೈಲು ಹೊರಟಿತು. ನಾನು ಕಿರುಚಿದೆ. ಕನ್ನಡದಲ್ಲೇ ಕಿರುಚಿದೆ, “ಹಿಡೀರೀ ಅವಳನ್ನ, ಕಳ್ಳಿ ಅವಳು” ಅಂತ. ಆಮೇಲೆ ಇಂಗ್ಲಿಷಿನಲ್ಲೂ ಕೂಗಿದೆ. ಯಾರೂ ಕದಲಲಿಲ್ಲ. ಅಷ್ಟಾಗಿದ್ದರೆ ಬೇಸರವಿರಲಿಲ್ಲ. ನನ್ನ ಪಕ್ಕದಲ್ಲಿ ನಿಂತಿದ್ದ ಹೆಂಗಸು ತನ್ನ ಬ್ಯಾಗನ್ನು ಎಳೆದು ಎದೆಗೆ ಅವುಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ನನ್ನಿಂದ ಹಿಂದೆ ಸರಿದಳು! ಎದುರು ಕೂತಿದ್ದವನು ಜೇಬು ಮುಟ್ಟಿ ನೋಡಿಕೊಂಡ, ಆಮೇಲೆ ನನ್ನ ಮುಖ ನೋಡಿದ, ಆಮೇಲೆ ಅಮ್ಮನ ಸೀರೆ ನೋಡಿದ. ಕಳಕೊಂಡವರು ನಾವು. ಆ ಡಬ್ಬಿಯಲ್ಲಿ ಕಳ್ಳರ ಹಾಗೆ ನಿಂತಿದ್ದವರೂ ನಾವೇ.

ಅಷ್ಟರಲ್ಲಿ ಸೇತುವೆ ಬಂತು. ಟವರ್ ಕಾಣಿಸಿತು. ಎಲ್ಲರೂ ಫೋನು ಎತ್ತಿದರು. ಒಬ್ಬ ನನ್ನ ಭುಜ ಪಕ್ಕಕ್ಕೆ ಸರಿಸಿದ, ಅವನ ವಿಡಿಯೊಗೆ ನಾನು ಅಡ್ಡ ಬರುತ್ತಿದ್ದೆ. ಅಮ್ಮ ಕೆಳಗೆ ಕುಕ್ಕರಿಸಿ ಚೀಲದೊಳಗೆ ಕೈ ಹಾಕಿ ಹುಡುಕುತ್ತಿದ್ದರು. ಮಾತ್ರೆ ಡಬ್ಬಿ, ಕನ್ನಡಕದ ಪೆಟ್ಟಿಗೆ, ಬಿಸ್ಕತ್ತು ಎಲ್ಲ ತೆಗೆದು ನೆಲದ ಮೇಲಿಟ್ಟು ಹುಡುಕುತ್ತಿದ್ದರು. ಇಷ್ಟು ವರ್ಷ ಶಾಲೆಯಲ್ಲಿ ಪಾಠ ಮಾಡಿದ ಮನುಷ್ಯೆ, ಎಲ್ಲಿ ಹೋದರೂ ಜನ ಎದ್ದು ನಿಂತು ನಮಸ್ಕಾರ ಮಾಡುವಂಥವರು. “ನನ್ನಿಂದಲೇ ಆಯ್ತಲ್ಲೋ” ಅಂದರು. ಇನ್ನೂ ಅದನ್ನೇ ಅನ್ನುತ್ತಿದ್ದಾರೆ. ಅವರ ಬಾಯಲ್ಲಿ ಆ ಮಾತು ಬರಲು ನಿಮ್ಮ ಈ ‘ಹುಷಾರಾಗಿರಬೇಕಿತ್ತು’ ಕಾರಣ. ಅದಕ್ಕೇ ಸುಮ್ಮನಿರಿ ಅಂದಿದ್ದು.

ಮೆಜೆಸ್ಟಿಕ್‌ನಿಂದ ಹೊರಟ ಬಸ್ಸಿನಲ್ಲಿ ಪರ್ಸ್ ಹೋಯಿತು ಅಂತ ಯಾರಾದರೂ ಕೂಗಿದರೆ ಏನಾಗುತ್ತದೆ ನೋಡಿದ್ದೀರಲ್ಲ. ಕಂಡಕ್ಟರ್ ಬಾಗಿಲು ತೆಗೀಬೇಡಿ ಅನ್ನುತ್ತಾನೆ. ಬಸ್ಸನ್ನು ಸೀದಾ ಸ್ಟೇಷನ್‌ಗೆ ಬಿಡಿ ಅಂತ ಹತ್ತು ಜನ ಹೇಳುತ್ತಾರೆ. ಅಲ್ಲೂ ಪರ್ಸ್ ಸಿಗುವುದು ಅಷ್ಟರಲ್ಲೇ ಇದೆ, ಕೆಲವು ಸಲ ಯಾರೋ ಪಾಪದವನಿಗೆ ಒದೆ ಬೀಳುವುದೂ ಉಂಟು, ಅದನ್ನು ನಾನು ಸರಿ ಅನ್ನುವುದಿಲ್ಲ. ಆದರೆ ಕಳಕೊಂಡವರ ಕಡೆ ಒಂದು ಮುಖ ತಿರುಗುತ್ತದೆ. ಏನಾಯ್ತಮ್ಮಾ ಅಂತ ಒಬ್ಬರಾದರೂ ಕೇಳುತ್ತಾರೆ. ಇಲ್ಲಿ ಅದೂ ಇಲ್ಲ.

ಪೊಲೀಸ್ ಠಾಣೆಗೆ ಹೋದೆವು. ಕಾದೆವು. ಎಷ್ಟು ಹೊತ್ತು ಅಂತ ಕೇಳಬೇಡಿ, ಅಮ್ಮನ ಕಾಲು ಊದಿಕೊಂಡಿತ್ತು. ಕೌಂಟರಿನಲ್ಲಿದ್ದವರು ಕೇಳಿದ ಮೊದಲ ಪ್ರಶ್ನೆ, ಆ ಕೈ ಚೀಲದೊಳಗೆ ಹೋಗಿದ್ದನ್ನು ನೀವು ಕಣ್ಣಾರೆ ನೋಡಿದಿರಾ? ನೋಡಿದ್ದರೆ ಹಿಡಿಯುತ್ತಿರಲಿಲ್ಲವಾ ಸ್ವಾಮಿ! ನೋಡಿಲ್ಲ ಅಂದರೆ ‘ಕಳೆದುಹೋಗಿದೆ’ ಅಂತ ಬರೆಯುತ್ತೇವೆ ಅಂದರು. ಕಳೆದುಹೋಗಿದೆ ಅಂತ ಬರೆದರೆ ವಿಮೆಯವರು ಒಂದು ಪೈಸೆ ಕೊಡುವುದಿಲ್ಲ, ಕಳ್ಳತನ ಅಂತಲೇ ಇರಬೇಕು. ಅದಕ್ಕಾಗಿ ಅಲ್ಲಿ ವಾದ ಮಾಡಿದೆ. ಕೊನೆಗೆ ಬರೆದುಕೊಟ್ಟರು. ಪಾಪ, ಅವರಿಗೂ ಸಾಕಾಗಿತ್ತು. ನಮ್ಮ ಹಿಂದೆ ಕೂತಿದ್ದವರೆಲ್ಲ ಇದೇ ಕಥೆಯವರು. ಕೊರಿಯಾದ ಒಂದು ಜೋಡಿ, ಬ್ರೆಜಿಲಿನ ಒಂದು ಕುಟುಂಬ. ದಿನಾ ಇದನ್ನೇ ಟೈಪ್ ಮಾಡುವ ಮನುಷ್ಯ ನನ್ನ ಅಮ್ಮನಿಗಾಗಿ ಎದ್ದು ಓಡಬೇಕಾ ಅಂತ ಒಮ್ಮೆ ಅನ್ನಿಸುತ್ತದೆ. ಮರುಕ್ಷಣ, ಹೌದು, ಓಡಬೇಕು, ಅದೇ ನಿಮ್ಮ ಕೆಲಸ ಅನ್ನಿಸುತ್ತದೆ.

ಕಾನೂನು ಇಲ್ಲ ಅಂತಲ್ಲ. ಬಸ್ಸು ರೈಲಿನಲ್ಲಿ, ಸ್ಟೇಷನ್‌ನಲ್ಲಿ ಕದ್ದರೆ 5 ವರ್ಷದವರೆಗೆ ಜೈಲು, 75,000 ಯೂರೋವರೆಗೆ ದಂಡ ಅಂತ ಫ್ರಾನ್ಸಿನ ದಂಡಸಂಹಿತೆಯಲ್ಲೇ ಇದೆ. ಕಾಗದದಲ್ಲಿ. ಸಮಸ್ಯೆ ಹೊಸದೂ ಅಲ್ಲ. 2013ರ ಏಪ್ರಿಲ್‌ನಲ್ಲಿ ಲೂವ್ರ್ ಮ್ಯೂಸಿಯಂ ಒಂದು ದಿನ ಬಾಗಿಲು ಹಾಕಿತ್ತು. ಒಳಗೇ ನುಗ್ಗುವ ಜೇಬುಗಳ್ಳರ ಕಾಟ, ಬೆದರಿಕೆ ತಾಳಲಾರದೆ ಅಲ್ಲಿನ ನೌಕರರೇ ಕೆಲಸ ನಿಲ್ಲಿಸಿದ್ದರು. 2015ರ ಮೇ ತಿಂಗಳಲ್ಲಿ ಇದೇ ಕಾರಣಕ್ಕೆ ಐಫೆಲ್ ಟವರಿನ ನೌಕರರೂ ಕೆಲಸ ನಿಲ್ಲಿಸಿದರು. ಅಲ್ಲೇ ದಿನವಿಡೀ ನಿಲ್ಲುವ, ಫ್ರೆಂಚ್ ಮಾತಾಡುವ, ಸಂಘ ಇರುವ ನೌಕರರಿಗೇ ತಡೆಯಲಾಗಲಿಲ್ಲ. ಹಾಸನದಿಂದ ಬಂದ ನಮ್ಮಮ್ಮ ಹುಷಾರಾಗಿ ತಡೆಯಬೇಕಿತ್ತಂತೆ!

2025ರ ಅಕ್ಟೋಬರ್ 19ರಂದು ಅದೇ ಲೂವ್ರ್‌ನಲ್ಲಿ ರಾಜಮನೆತನದ ಒಡವೆ ಹೋದವಲ್ಲ, 8.8 ಕೋಟಿ ಯೂರೋ ಬೆಲೆಯದ್ದು. ಸುಮಾರು ನೂರು ತನಿಖಾಧಿಕಾರಿಗಳನ್ನು ಇಳಿಸಿದರು. ವಾರ ತುಂಬುವುದರೊಳಗೆ ಮೊದಲ ಬಂಧನ ಆಯಿತು. ಮನಸ್ಸು ಮಾಡಿದರೆ ಹಿಡಿಯಲು ಬರುತ್ತದೆ ಅಂತಾಯಿತು. ಅಮ್ಮನ ಪಾಸ್‌ಪೋರ್ಟ್ ರಾಣಿಯ ಕಿರೀಟ ಅಲ್ಲ, ನನಗೂ ಗೊತ್ತು. ನೂರು ಜನ ಬೇಡ. ಆ ಪ್ಲಾಟ್‌ಫಾರ್ಮಿನಲ್ಲಿ ಇಬ್ಬರನ್ನು ನಿಲ್ಲಿಸಿ ಸಾಕು.

ಇನ್ನು ಆ ವೀಸಾ. ಅದನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ. ಅಮ್ಮನ ಪಿಂಚಣಿ ಕಾಗದ, ಬ್ಯಾಂಕ್ ಸ್ಟೇಟ್‌ಮೆಂಟ್, ನನ್ನ ತೆರಿಗೆ ರಿಟರ್ನ್, ರಜೆ ಪತ್ರ, ವಾಪಸ್ ಟಿಕೆಟ್, ಪ್ರತಿ ರಾತ್ರಿ ಎಲ್ಲಿ ಮಲಗುತ್ತೀರಿ ಅಂತ ಲೆಕ್ಕ. ಒಬ್ಬೊಬ್ಬರಿಗೆ 90 ಯೂರೋ ಶುಲ್ಕ, ವೀಸಾ ಸಿಗದಿದ್ದರೂ ಅದು ವಾಪಸ್ ಬರುವುದಿಲ್ಲ. ಹತ್ತೂ ಬೆರಳಿನ ಅಚ್ಚು. ಅಮ್ಮನ ಬೆರಳು ಸವೆದಿವೆ, ಮೆಷಿನ್ ಹಿಡಿಯಲಿಲ್ಲ, ಬೆಂಗಳೂರಿನ ಆ ಕೌಂಟರಿನಲ್ಲಿ ಒರೆಸಿ ಒರೆಸಿ ಮತ್ತೆ ಮತ್ತೆ ಒತ್ತಿಸಿದರು. 30,000 ಯೂರೋ ವಿಮೆ ಕಡ್ಡಾಯ ಅಂದರು, ಮಾಡಿಸಿದೆವು. ಅವರು ಕಡ್ಡಾಯ ಮಾಡಿರುವುದು ಆಸ್ಪತ್ರೆ ಖರ್ಚಿಗೆ, ಹೆಣ ಸಾಗಿಸುವ ಖರ್ಚಿಗೆ. ಅವರಿಗೆ ನಾವು ಭಾರ ಆಗಬಾರದು, ಅಷ್ಟೇ. ನಮಗೇನಾದರೂ ಆದರೆ ಯಾರು ಹೊಣೆ ಅಂತ ಆ ಅರ್ಜಿಯಲ್ಲಿ ಎಲ್ಲೂ ಇಲ್ಲ. ನಾವು ಎಂಥವರು ಅಂತ ಇಷ್ಟು ಪರೀಕ್ಷೆ ಮಾಡಿದಿರಿ. ನಮ್ಮನ್ನು ಎಂಥವರ ನಡುವೆ ಬಿಡುತ್ತೀರಿ ಅಂತ ಕೇಳುವ ಹಕ್ಕು ನಮಗಿಲ್ಲವಾ? ಯಾರಾದರೂ ಉತ್ತರ ಕೊಡಿ. ವೀಸಾ ಕೊಟ್ಟವರು ಕೊಡಿ, ಟಿಕೆಟ್ ಮಾರಿದವರು ಕೊಡಿ, ಪ್ರವಾಸೋದ್ಯಮ ಅಂತ ಟವರಿನ ಚಿತ್ರ ಹಾಕಿ ಕರೆದವರು ಕೊಡಿ. ಯಾರೂ ಕೊಡುವುದಿಲ್ಲ.

ಫೋನಿನ ಗುಂಪಿನಲ್ಲಿ ಒಬ್ಬರು, ಆ ಕಳ್ಳರೆಲ್ಲ ಹೊರಗಿನಿಂದ ಬಂದವರು, ಅವರನ್ನು ಓಡಿಸಬೇಕು ಅಂತ ಬರೆದಿದ್ದಾರೆ. ಆ ಮಾತು ನನ್ನ ಹತ್ತಿರ ಬೇಡ. ಆ ಡಬ್ಬಿಯಲ್ಲಿ ನಮ್ಮನ್ನು ನೋಡಿದ ಕಣ್ಣುಗಳೂ ಅದನ್ನೇ ಹೇಳುತ್ತಿದ್ದವು, ಹೊರಗಿನವರು ಅಂತ. ಆ ಹುಡುಗಿ ಮೇಲೆ ನನಗೆ ಸಿಟ್ಟು ಇದೆ. ಆ ನಗು ನೆನಪಾದರೆ ಹೊಡೆಯಬೇಕು ಅನ್ನಿಸುತ್ತದೆ. ಆದರೆ 2013ರಲ್ಲಿ ಪ್ಯಾರಿಸ್ಸಿನ ಕೋರ್ಟು ಒಬ್ಬನಿಗೆ 7 ವರ್ಷ ಶಿಕ್ಷೆ ಕೊಟ್ಟಿತ್ತು. ಹುಡುಗಿಯರನ್ನು ಮೆಟ್ರೊಗೆ ಬಿಟ್ಟು ಕದಿಯಲು ಹಚ್ಚುತ್ತಿದ್ದ ಜಾಲದ ಯಜಮಾನ ಅವನು. ದಿನಕ್ಕೆ ಇಷ್ಟು ತರಬೇಕು, ತರದಿದ್ದರೆ ಏಟು. ಇವಳ ಹಿಂದೆಯೂ ಅಂಥವನೊಬ್ಬ ಇದ್ದರೆ ಅಮ್ಮನ ಯೂರೋ ಅವಳ ಕೈಯಲ್ಲಿ ಒಂದು ಗಂಟೆಯೂ ಇರಲಿಲ್ಲ. ಇದನ್ನು ಯೋಚಿಸಿದರೆ ಯಾರನ್ನು ಬೈಯಲಿ ಅಂತಲೇ ತಿಳಿಯುವುದಿಲ್ಲ. ಹೋಗಲಿ ಬಿಡು ಅನ್ನಿಸುತ್ತದೆ. ಬಿಡಲು ಆಗುತ್ತಿಲ್ಲ. ರಾತ್ರಿ ಎರಡು ಗಂಟೆಗೆ ಇದನ್ನು ಬರೆಯುತ್ತಾ ಕೂತಿದ್ದೇನೆ.

ಇಲ್ಲಿಂದ ಸ್ವಿಟ್ಜರ್ಲೆಂಡಿಗೆ ಹೋಗುವ ಆಸೆ ಮುಗಿಯಿತು. ಅಮ್ಮ ಹಿಮ ನೋಡಬೇಕು ಅಂದಿದ್ದರು, ಮೊದಲಿನಿಂದ ಕೇಳಿದ್ದು ಅದೊಂದೇ. ಪಾಸ್‌ಪೋರ್ಟಿನ ಜೊತೆ ವೀಸಾನೂ ಹೋಯಿತು. ಈಗ ಸಿಗುವುದು ಎಮರ್ಜೆನ್ಸಿ ಸರ್ಟಿಫಿಕೇಟ್, ಅದರಲ್ಲಿ ಭಾರತಕ್ಕೆ ಒಂದು ಸಲ ವಾಪಸ್ ಹೋಗಬಹುದು, ಅಷ್ಟೇ. ಕಳುವಾಗಿದೆ ಅಂತ ದೂರು ಕೊಟ್ಟ ಮೇಲೆ ನಾಳೆ ಯಾರೋ ಪುಣ್ಯಾತ್ಮರು ತಂದುಕೊಟ್ಟರೂ ಆ ಪಾಸ್‌ಪೋರ್ಟ್ ಕೆಲಸಕ್ಕೆ ಬರುವುದಿಲ್ಲ. ಊರಿಗೆ ಬಂದ ಮೇಲೆ ಹೊಸದಕ್ಕೆ ಮತ್ತೆ ಅರ್ಜಿ, ಮತ್ತೆ 3,000 ರೂಪಾಯಿ, ಮತ್ತೆ ಪೊಲೀಸ್ ವೆರಿಫಿಕೇಷನ್. ಅಮ್ಮ ಇನ್ನು ಪಾಸ್‌ಪೋರ್ಟೇ ಬೇಡ ಅನ್ನುತ್ತಿದ್ದಾರೆ. ಬೇಕು ಅಮ್ಮ, ಮಾಡಿಸೋಣ ಅಂದೆ. ಗೋಡೆ ಕಡೆ ತಿರುಗಿ ಮಲಗಿದರು.

ಈಗ ಒಂದು ಸಹಾಯ ಬೇಕು. ಬುದ್ಧಿಮಾತು ಬೇಡ, ಸಹಾಯ. ಬೆಳಗ್ಗೆ ರಾಯಭಾರ ಕಚೇರಿಗೆ ಹೋಗಬೇಕು. ಅಲ್ಲಿಗೆ 2 ಇಂಚು ಅಗಲ 2 ಇಂಚು ಉದ್ದದ ಫೋಟೊ ಬೇಕಂತೆ. ಇಲ್ಲಿನ ಸ್ಟೇಷನ್‌ಗಳಲ್ಲಿರುವ ಫೋಟೊ ಬೂತ್ ಕೊಡುವುದು 35 ಮಿ.ಮೀ. ಅಗಲ, 45 ಮಿ.ಮೀ. ಉದ್ದದ್ದು. ಗಾರ್ ದು ನೋರ್ ರೈಲು ನಿಲ್ದಾಣದ ಆಚೆ ಲಾ ಷಪೆಲ್‌ನಲ್ಲಿ ತಮಿಳರ ಅಂಗಡಿಗಳಿವೆ, ಅಲ್ಲಿ ತೆಗೆಯಬಹುದು ಅಂತ ಒಬ್ಬರು ಅಂದರು. ಪ್ಯಾರಿಸ್‌ನಲ್ಲಿರುವ ಕನ್ನಡದವರು ಯಾರಾದರೂ ಇದನ್ನು ಓದಿದರೆ, ಅಲ್ಲಿ ಯಾವ ಅಂಗಡಿ, ಎಷ್ಟು ಗಂಟೆಗೆ ತೆಗೆಯುತ್ತಾರೆ ಅಂತ ಬರೆಯಿರಿ. ಮತ್ತೆ ಅಮ್ಮನನ್ನು ಮೆಟ್ರೊ ಹತ್ತಿಸದೆ ಅಲ್ಲಿಗೆ ಹೋಗುವ ಬಸ್ ಯಾವುದು ಅಂತಲೂ.